ಸರಾಸರಿ ಲೆಕ್ಕವೂ ವಿಧವೆಯ ವೇತನವೂ

ನಮ್ಮ ಪಾಠಶಾಲೆಯಲ್ಲಿ ಓದಿ ಹೋದ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳಲ್ಲಿ ಗೃಹಿಣಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ನೆಲಸಿರುವರು. ಅವರು ನಮ್ಮನ್ನು ಕಾಣಬಂದಾಗ, ಕುಶಲಪ್ರಶ್ನೆಗಳಾದ ಬಳಿಕ, ಒಬ್ಬರಲ್ಲ ಒಬ್ಬರು ಕೇಳುವ ಮಾತೊಂದುಂಟು: "ಅಮ್ಮಾವರೇ, ನಮ್ಮ ಬೀದಿಯಲ್ಲಿರುವ ಇಬ್ಬರು ವಿಧವೆಯರಲ್ಲಿ ಒಬ್ಬಾಕೆಗೆ ವೇತನ ಬರುತ್ತದೆ, ಇನ್ನೊಬ್ಬಾಕೆಗೆ ಬರುವುದಿಲ್ಲ. ಇದನ್ನು ಗೊತ್ತುಮಾಡುವವರು ಯಾರು?" ಮಂತ್ರಿಗಳೆಂದೋ ತಾಲ್ಲೂಕು ಕಛೇರಿಯವರೆಂದೋ ಹೇಳಿಬಿಡುವುದು ಸುಲಭ. ಅದು ಅರ್ಧ ಉತ್ತರ ಮಾತ್ರ. ಮಂತ್ರಿಗಳು ರುಜು ಹಾಕುವುದಕ್ಕಿಂತ ಬಹು ಮುಂಚೆಯೇ ಯಾರೋ ಜನರನ್ನು ಎಣಿಸಿರುತ್ತಾರೆ. ಎಣಿಸಿದ್ದನ್ನು ಕೂಡಿ, ಭಾಗಿಸಿ, ಪಟ್ಟಿ ಬರೆದಿರುತ್ತಾರೆ. ಆ ಪಟ್ಟಿಯಲ್ಲಿ ಕಂಡವರಿಗೆ ಬೊಕ್ಕಸದ ಬಾಗಿಲು ತೆರೆಯುವುದು, ಕಾಣದವರಿಗೆ ತೆರೆಯದು. ಈ ಎಣಿಕೆಯ ವಿಚಾರವಾಗಿ ಕೆಲವು ಮಾತುಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕ ಮಹಾಶಯರ ಮುಂದಿಡಬೇಕೆಂದು ಉದ್ದೇಶಿಸಿದ್ದೇವೆ. ಅರ್ಥಶಾಸ್ತ್ರವೆಂದೊಡನೆ ಅದು ಗಂಡಸರ ವ್ಯವಹಾರವೆಂದು ಪುಟ ತಿರುವಿಬಿಡುವ ಸಹೋದರಿಯರುಂಟು. ಅವರು ಈ ಒಂದು ಸಲ ತಾಳಿಕೊಂಡು ಓದಬೇಕೆಂದು ಬೇಡುತ್ತೇವೆ.

ಎಣಿಸಿ ಆಳುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಇದನ್ನು ಖಾನೇಷುಮಾರಿ ಎನ್ನುತ್ತಿದ್ದರು. 1871ರಲ್ಲಿ ಸಂಸ್ಥಾನದಾದ್ಯಂತ ಕ್ರಮವಾದ ಜನಗಣತಿ ನಡೆಯಿತು. 1911ರಲ್ಲಿ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ಸಂಪದಭ್ಯುದಯ ಸಮಾಜವು ಸ್ಥಾಪಿತವಾಗಿ, ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಇವುಗಳಿಗೆ ಪ್ರತ್ಯೇಕ ಸಮಿತಿಗಳನ್ನೇರ್ಪಡಿಸಿತು. ದೇಶದ ಸ್ಥಿತಿಯನ್ನು ವಿಚಾರಿಸಿ ತಿಳಿದ ಮೇಲೆ ಕಾರ್ಯಕ್ಕೆ ತೊಡಗಬೇಕೆಂಬ ಭಾವನೆ ಅಂದೇ ಇತ್ತು. ಭಾರತದ ರಾಷ್ಟ್ರೀಯ ವರಮಾನವನ್ನು ಲೆಕ್ಕ ಹಾಕಿ ಪ್ರಸಿದ್ಧರಾದ ಡಾಕ್ಟರ್ ವಿ. ಕೆ. ಆರ್. ವಿ. ರಾಯರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನಕ್ಕಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದರು. ಸರ್ಕಾರವು ಒಂದು ಯೋಜನೆಯನ್ನು ಮಾಡುವುದಕ್ಕೆ ಮುಂಚೆಯೂ ಮಾಡಿದ ಬಳಿಕವೂ ಇಂಥ ಸಂಸ್ಥೆಗಳ ಪಂಡಿತರಿಂದ ಪರೀಕ್ಷೆ ಮಾಡಿಸುವುದು ಈಗ ವಾಡಿಕೆಯಾಗಿದೆ.

ಈ ಪಂಡಿತರ ಕೈಯಲ್ಲಿರುವ ಮುಖ್ಯ ಸಾಧನ ಸರಾಸರಿ. ಅದರ ಗುಣವನ್ನೂ ದೋಷವನ್ನೂ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ನಾವು ಊಟದ ಡಬ್ಬಿಗಳಿಂದಲೇ ತಿಳಿಸುವುದುಂಟು. ಐವರು ಹುಡುಗಿಯರ ಡಬ್ಬಿಗಳಲ್ಲಿ ಒಟ್ಟು 10 ದೋಸೆಗಳಿವೆಯೆನ್ನೋಣ; ತಲೆಗೆ ಎರಡಾಯಿತು, ಯಾರಿಗೂ ಕೊರತೆಯಿಲ್ಲವೆಂದು ಲೆಕ್ಕ ಹೇಳುವುದು. ಡಬ್ಬಿಗಳನ್ನು ತೆರೆದು ನೋಡಿದರೆ ಒಬ್ಬಳಲ್ಲಿ 5, ಇಬ್ಬರಲ್ಲಿ ಎರಡೆರಡು, ಇನ್ನೊಬ್ಬಳಲ್ಲಿ 1. ಐದನೆಯವಳ ಡಬ್ಬಿ ಬರಿದು. ಲೆಕ್ಕ ತಪ್ಪಲಿಲ್ಲ. ಆದರೂ ಒಬ್ಬ ಮಗು ಹಸಿದಿದೆ. ಮುಚ್ಚಳ ತೆರೆಯದೆ ಭಾಗಾಕಾರ ಮಾಡುವವರಿಗೆ ಆ ಮಗು ಎಂದಿಗೂ ಕಾಣದು.

ನಮ್ಮ ಜಿಲ್ಲೆಗೆ ಇದು ಹೇಗೆ ಅನ್ವಯಿಸಿತೆಂಬುದನ್ನು ನೋಡೋಣ. ಬಹುಕಾಲ ನಮ್ಮ ರಾಜ್ಯದಲ್ಲಿ ಹಿಂದುಳಿದಿರುವಿಕೆಯನ್ನು ಜಿಲ್ಲೆಗಳ ಮೇಲೆ ಅಳೆಯುತ್ತಿದ್ದರು. ಪ್ರೊಫೆಸರ್ ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ 2000ನೆಯ ಇಸವಿಯಲ್ಲಿ ನೇಮಕವಾಗಿ 2002ರ ಜೂನ್ ತಿಂಗಳಲ್ಲಿ ವರದಿಯೊಪ್ಪಿಸಿದ ಉನ್ನತಾಧಿಕಾರ ಸಮಿತಿಯು ಜಿಲ್ಲೆಯ ಮುಚ್ಚಳವನ್ನು ತೆರೆದು ತಾಲ್ಲೂಕುಗಳನ್ನು ನೋಡಿತು. ಆಗ ಇದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿರುವ ತಾಲ್ಲೂಕುಗಳು 114 ಎಂದು ಕಂಡುಕೊಂಡಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ ಸಾಲಿನಲ್ಲಿ ಸಿರಾ, ಪಾವಗಡ, ಮಧುಗಿರಿಗಳ ಜೊತೆಗೆ ಗುಬ್ಬಿಯೂ ಕುಣಿಗಲೂ ಸೇರಿದುವು. ತುಮಕೂರು ತಾಲ್ಲೂಕು ಆ ಸಾಲಿಗೆ ಸೇರಲಿಲ್ಲ. ಬರಗಾಲದ ಸೀಮೆಯಾದ ಪಾವಗಡದ ಹೆಸರನ್ನು ಕೇಳಿ ಯಾರೂ ಬೆರಗಾಗಲಾರರು. ತುಮಕೂರಿನಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ರೈಲುದಾರಿಯ ಮೇಲಿರುವ, ಅಡಿಕೆ ತೆಂಗುಗಳ ಗುಬ್ಬಿಯ ಹೆಸರು ಅದೇ ಸಾಲಿನಲ್ಲಿ ಬಂದುದು ಜಿಲ್ಲೆಯ ಸರಾಸರಿಯನ್ನಷ್ಟೇ ನೋಡುತ್ತಿದ್ದವರಿಗೆ ಹೊಸ ಸಂಗತಿಯಾಗಿರಬೇಕು.

ಈ ಪಟ್ಟಿಯ ಫಲವೇನು? ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ 31,000 ಕೋಟಿ ರೂಪಾಯಿಗಳ ಸಲಹೆಯನ್ನು ಸಮಿತಿಯು ಮಾಡಿತು. ಯೋಜನೆ ಆರಂಭವಾದುದು 2007-08ರಲ್ಲಿ. ಗೊತ್ತುಮಾಡಿದ ಹಣವೆಲ್ಲ ಆಯಾ ವರ್ಷವೇ ವೆಚ್ಚವಾಗಲೂ ಇಲ್ಲ. ಆದರೂ ಯಾವ ತಾಲ್ಲೂಕಿಗೆ ಮೊದಲು ಕೈನೀಡಬೇಕೆಂಬ ವಾದ ಹುಟ್ಟಿದಾಗಲೆಲ್ಲ ಎರಡು ದಶಕಗಳ ಕಾಲ ಈ ವರದಿಯನ್ನೇ ತೆಗೆದು ತೋರಿಸಿದರು. ಅಲ್ಲಿಯೂ ಒಂದು ತೊಡಕುಂಟು. 2002ರ ಕುಣಿಗಲು ಬೇರೆ, ಬೆಂಗಳೂರು ಬೆಳೆದು ಹತ್ತಿರಕ್ಕೆ ಬಂದ ಇಂದಿನ ಕುಣಿಗಲು ಬೇರೆ. ಆರನೆಯ ವಯಸ್ಸಿನಲ್ಲಿ ಅಳತೆ ಕೊಟ್ಟು ಹೊಲಿಸಿದ ಲಂಗವನ್ನು ಹದಿನಾರನೆಯ ವಯಸ್ಸಿನಲ್ಲಿ ಉಡಿಸಲಾಗದಷ್ಟೆ. ಇದನ್ನರಿತು ರಾಜ್ಯ ಸರ್ಕಾರವು 2024ರಲ್ಲಿ ಪ್ರೊಫೆಸರ್ ಎಂ. ಗೋವಿಂದರಾಯರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿಯನ್ನು ರಚಿಸಿ, ಪ್ರಾದೇಶಿಕ ಅಸಮಾನತೆಯನ್ನು ಪುನಃ ಪರಿಶೀಲಿಸುವ ಕೆಲಸವನ್ನು ಅದಕ್ಕೆ ವಹಿಸಿತು.

ಜಿಲ್ಲೆಯ ಸರಾಸರಿ ತಾಲ್ಲೂಕನ್ನು ಮರೆಮಾಡಿದಂತೆ, ತಾಲ್ಲೂಕಿನ ಸರಾಸರಿ ಮನೆಯನ್ನು ಮರೆಮಾಡುವುದು. ಇದನ್ನು ಯಾರೂ ಒಪ್ಪುವರು. ಆದರೆ ಮನೆಯ ಸರಾಸರಿಯೂ ಒಂದು ಮುಚ್ಚಳವೇ ಎಂಬುದನ್ನು ಒಪ್ಪಿಸುವುದು ಕಷ್ಟ. ನಮ್ಮ ಬಡತನದ ಗಣನೆಗಳೆಲ್ಲ ಕುಟುಂಬದ ಮೇಲೆ ನಿಂತಿವೆ. ಕುಟುಂಬದ ವೆಚ್ಚವನ್ನು ತಲೆಗಳ ಸಂಖ್ಯೆಯಿಂದ ಭಾಗಿಸಿ, ಬಂದ ಮೊತ್ತವು ಗೆರೆಗಿಂತ ಮೇಲಿದ್ದರೆ ಆ ಮನೆಯವರೆಲ್ಲರೂ ಬಡವರಲ್ಲವೆಂದು ತಿಳಿಯುತ್ತಾರೆ. ಅಜ್ಜಿಗೂ ಸೊಸೆಗೂ ಮೊಮ್ಮಗಳಿಗೂ ಮನೆಯ ಯಜಮಾನನಿಗೆ ಸಿಕ್ಕಿದಷ್ಟೇ ಸಿಕ್ಕಿತೆಂಬ ನಂಬಿಕೆ ಇದರಲ್ಲಿ ಅಡಗಿದೆ. ಅಡಿಗೆಮನೆಯನ್ನು ಬಲ್ಲ ಯಾವ ಹೆಂಗಸೂ ಇದನ್ನು ಅಷ್ಟು ಸುಲಭವಾಗಿ ನಂಬಲಾರಳು.

1997ರಲ್ಲಿ ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೇಜ್ ಮತ್ತು ಪಿ. ವಿ. ಶ್ರೀನಿವಾಸನ್ ಎಂಬಿಬ್ಬರು ನಮ್ಮ ದೇಶದ ಗ್ರಾಮಾಂತರ ವಿಧವೆಯರ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳನ್ನು ತೆಗೆದುಕೊಂಡು, ವಾಡಿಕೆಯಂತೆ ತಲಾ ವೆಚ್ಚವನ್ನು ನೋಡಿದಾಗ, ವಿಧವೆಯರು ಇತರರಿಗಿಂತ ಬಡವರೆಂದು ಕಾಣಲೇ ಇಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ, ವಿಧವಾ ವೇತನವು ಅನಾವಶ್ಯಕವೆಂದು ಯಾರಾದರೂ ವಾದಿಸಬಹುದಾಗಿತ್ತು. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಆರು ಮಂದಿಯ ಮನೆಯಲ್ಲಿ ತಿಂಗಳಿಗೆ 12,000 ರೂಪಾಯಿ ವೆಚ್ಚವೆಂದಿಟ್ಟುಕೊಳ್ಳಿರಿ; ತಲೆಗೆ 2,000 ಆಯಿತು. ಒಬ್ಬಳೇ ಇರುವ ವಿಧವೆಯ ವೆಚ್ಚವೂ 2,000. ಪಟ್ಟಿಯಲ್ಲಿ ಎರಡೂ ಸಮ. ಆದರೆ ಆರು ಮಂದಿಗೆ ಉರಿಯುವ ದೀಪ ಒಂದೇ, ಒಲೆ ಒಂದೇ, ಮಾಡು ಒಂದೇ. ಈಕೆಯೋ ಒಂದು ಇಡೀ ದೀಪವನ್ನು, ಒಂದು ಇಡೀ ಒಲೆಯನ್ನು, ಒಂದು ಇಡೀ ಮಾಡಿನ ರಿಪೇರಿಯನ್ನು ಒಬ್ಬಳೇ ತೆರಬೇಕು. ಒಂದು ಪಾವು ಅಕ್ಕಿ ಬೇಯಿಸುವುದಕ್ಕೆ ಬೇಕಾದ ಸೌದೆ, ಆರು ಪಾವಿಗೆ ಬೇಕಾದುದರಲ್ಲಿ ಆರನೆಯ ಒಂದು ಪಾಲಲ್ಲ. ಕೂಡಿ ಬಾಳುವುದರಿಂದಾಗುವ ಈ ಉಳಿತಾಯವನ್ನು ಸ್ವಲ್ಪಮಟ್ಟಿಗೆ ಲೆಕ್ಕಕ್ಕೆ ಸೇರಿಸಿದೊಡನೆ ಚಿತ್ರ ಬದಲಾಯಿತು: ಒಂಟಿ ವಿಧವೆಯರಲ್ಲಿಯೂ, ಮದುವೆಯಾಗದ ಮಕ್ಕಳೊಡನೆ ಇರುವ ವಿಧವೆಯರಲ್ಲಿಯೂ ಬಡತನ ಇತರರಿಗಿಂತ ಹೆಚ್ಚೆಂದು ಹೊರಬಿತ್ತು. ಅಂಕಿಗಳು ಮೊದಲಿನವೇ, ಕೇಳಿದ ಪ್ರಶ್ನೆ ಮಾತ್ರ ಬೇರೆ. ಈ ಪ್ರಬಂಧವನ್ನು ನಾವು ಬಹಳವಾಗಿ ಮೆಚ್ಚುವುದು ಇದಕ್ಕಾಗಿಯೇ.

ಇದಕ್ಕೂ ಮೂರು ವರ್ಷಗಳ ಮುಂಚೆ, 1994ರ ಮಾರ್ಚ್ ತಿಂಗಳಲ್ಲಿ, ವಿಧವೆಯರ ಸ್ಥಿತಿಗತಿಗಳನ್ನು ಚರ್ಚಿಸುವುದಕ್ಕಾಗಿ ಬೆಂಗಳೂರಿನಲ್ಲಿ ಒಂದು ಸಮ್ಮೇಳನವು ಕೂಡಿತ್ತು. ಮಾರ್ಥಾ ಆಲ್ಟರ್ ಚೆನ್ ಎಂಬ ವಿದುಷಿಯು ಅದರ ಪ್ರಬಂಧಗಳನ್ನು ಸಂಪಾದಿಸಿ 1998ರಲ್ಲಿ ಪುಸ್ತಕವಾಗಿ ಹೊರತಂದರು. ಪಂಡಿತರೊಡನೆ ವಿಧವೆಯರೂ ಆ ಸಭೆಯಲ್ಲಿ ಕುಳಿತು ತಮ್ಮ ಮಾತನ್ನು ತಾವೇ ಹೇಳಿಕೊಂಡರೆಂಬುದು ಗಮನಾರ್ಹ.

ಇನ್ನು ವೇತನದ ಚರಿತ್ರೆ. ನಮ್ಮ ರಾಜ್ಯವು ನಿರ್ಗತಿಕ ವಿಧವೆಯರಿಗೆ 1984ರಲ್ಲಿಯೇ ವೇತನವನ್ನು ಆರಂಭಿಸಿತ್ತು. ಕೇಂದ್ರ ಸರ್ಕಾರವು 1995ರ ಆಗಸ್ಟ್ 15ರಿಂದ ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮವನ್ನು ತಂದು, ನಿರ್ಗತಿಕ ವೃದ್ಧರಿಗೆ ತಿಂಗಳಿಗೆ 75 ರೂಪಾಯಿ ಕೊಡತೊಡಗಿತು. 2006ರಲ್ಲಿ ಅದು 200 ಆಯಿತು. ವಿಧವೆಯರಿಗೆ ಕೇಂದ್ರದ ವೇತನ ಬಂದುದು 2009ರಲ್ಲಿ. 2012ರಲ್ಲಿ ಅದನ್ನು 300ಕ್ಕೆ ಏರಿಸಿದರು. ನಮ್ಮ ರಾಜ್ಯವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿತು. 2021ರ ಜುಲೈ ತಿಂಗಳಲ್ಲಿ ಆ ವೇತನವನ್ನು 1,000ದಿಂದ 1,200ಕ್ಕೂ, ವಿಧವಾ ವೇತನವನ್ನು 600ರಿಂದ 800ಕ್ಕೂ ಹೆಚ್ಚಿಸುವುದಾಗಿ ಪ್ರಕಟಿಸಿತು.

ಬೀದಿಯ ಇಬ್ಬರು ವಿಧವೆಯರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕೇಂದ್ರದ ವೇತನವು ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಮಾತ್ರ. ಅದರಲ್ಲಿಯೂ ಪ್ರತಿ ರಾಜ್ಯಕ್ಕೆ ಇಂತಿಷ್ಟು ಮಂದಿಯೆಂಬ ಮಿತಿಯುಂಟು. ರಾಜ್ಯದ ವೇತನಕ್ಕೂ ವರಮಾನದ ಮಿತಿಯುಂಟು. ಒಬ್ಬಾಕೆ ಬೇರೆ ಒಲೆ ಹೂಡಿದ್ದಾಳೆ, ಅವಳು ಬಡವಳೆಂದು ಕಾಗದ ಹೇಳುತ್ತದೆ. ಇನ್ನೊಬ್ಬಾಕೆ ದುಡಿಯುವ ಮಗನ ಮನೆಯಲ್ಲಿದ್ದಾಳೆ. ಮಗನ ಸಂಬಳವನ್ನು ತಲೆಗಳಿಂದ ಭಾಗಿಸಿದಾಗ ಇವಳ ಪಾಲಿಗೂ ಒಂದು ಮೊತ್ತ ಬಿದ್ದಿತು. ಆ ಮೊತ್ತ ಅವಳ ಕೈಗೆ ಎಂದಾದರೂ ಬಂದಿತೋ ಇಲ್ಲವೋ ಯಾರೂ ವಿಚಾರಿಸಲಿಲ್ಲ. ಕಛೇರಿಯ ಗುಮಾಸ್ತರನ್ನು ದೂರಿ ಪ್ರಯೋಜನವಿಲ್ಲ. ಅವರು ಪಟ್ಟಿಯನ್ನು ಓದುವವರೇ ಹೊರತು ಮಾಡಿದವರಲ್ಲ.

ಕೈಗೆ ಬಂದ ಹಣ ಯಾರ ಕೈಗೆ ಬಂದಿತೆಂಬುದರಿಂದಲೂ ಭೇದವಾಗುವುದು. ದಕ್ಷಿಣ ಆಫ್ರಿಕದಲ್ಲಿ 1990ರ ದಶಕದ ಆದಿಭಾಗದಲ್ಲಿ ಕರಿಯ ಜನರ ವೃದ್ಧಾಪ್ಯ ವೇತನವನ್ನು ಬಹಳ ಹೆಚ್ಚಿಸಿ, ಹಿಂದೆ ದೊರೆಯದಿದ್ದ ಅನೇಕರಿಗೂ ದೊರೆಯುವಂತೆ ಮಾಡಿದರು. ಎಸ್ತರ್ ಡುಫ್ಲೋ ಎಂಬ ಮಹಿಳೆಯು—2019ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಮೈಕೆಲ್ ಕ್ರೇಮರ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದ ವಿದುಷಿ ಈಕೆಯೇ—ಆ ಮನೆಗಳ ಮಕ್ಕಳ ಎತ್ತರ ತೂಕಗಳನ್ನು ಪರೀಕ್ಷಿಸಿ 2003ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ವೇತನವು ಅಜ್ಜಿಯ ಕೈಗೆ ಬಂದ ಮನೆಗಳಲ್ಲಿ ಮೊಮ್ಮಗಳು ಚೆನ್ನಾಗಿ ಬೆಳೆದಿದ್ದಳು. ಅಜ್ಜನ ಕೈಗೆ ಬಂದ ಮನೆಗಳಲ್ಲಿ ಅಂಥ ಫಲವು ಕಾಣಲಿಲ್ಲ. ಹಣ ಒಂದೇ, ಕೈ ಬೇರೆ. ಪೋಷಕ ಮಹಾಶಯರಲ್ಲಿ ತಾತಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು. ಆದರೆ ಅಳತೆಯ ಪಟ್ಟಿ ದಾಕ್ಷಿಣ್ಯವನ್ನರಿಯದು.

ನಮ್ಮ ರಾಜ್ಯದ ಗೃಹಲಕ್ಷ್ಮಿ ಯೋಜನೆಯು 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದಾಗ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದು ಗೊತ್ತಾಯಿತು. ಗಂಡಸಿಗಲ್ಲದೆ ಹೆಂಗಸಿನ ಹೆಸರಿಗೇ ಹಣ ಹೋಗಬೇಕೆಂಬುದು ಇಂಥ ಸಂಶೋಧನೆಗಳಿಗೆ ಒಪ್ಪುವ ವಿಚಾರವೇ ಸರಿ. ಆದರೆ ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಬರೆದಿರುವುದು ಒಬ್ಬಳದೇ ಹೆಸರು. ಅತ್ತೆಯ ಹೆಸರಿದ್ದರೆ ಸೊಸೆಗೆಷ್ಟು, ಸೊಸೆಯ ಹೆಸರಿದ್ದರೆ ಅತ್ತೆಗೆಷ್ಟು? ಡಬ್ಬಿಯೊಳಗೆ ಮತ್ತೊಂದು ಡಬ್ಬಿ ಇದೆ.

ವೇತನ ಕೊಡುವ ಹಣ ಬರುವುದೆಲ್ಲಿಂದ ಎಂಬುದನ್ನೂ ಸ್ವಲ್ಪ ನೋಡಬೇಕು. ತೆರಿಗೆ ಕೊಡುವವರು ಒಂದು ವರ್ಗ, ನೆರವು ಪಡೆಯುವವರು ಇನ್ನೊಂದು ವರ್ಗ ಎಂಬ ಮಾತು ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುವುದು. ಆದಾಯ ತೆರಿಗೆಯ ಮಟ್ಟಿಗೆ ಇದು ನಿಜವಿರಬಹುದು. ಸರಕು ಮತ್ತು ಸೇವಾ ತೆರಿಗೆಯನ್ನು ಬೊಕ್ಕಸಕ್ಕೆ ಕಟ್ಟುವವನು ಅಂಗಡಿಯವನು, ಹೊರುವವಳು ಕೊಳ್ಳುವವಳು. ಮೈಗೆ ಹಚ್ಚುವ ಸಾಬೂನಿನ ಮೇಲೂ ತಲೆಗೆ ಹಚ್ಚುವ ಎಣ್ಣೆಯ ಮೇಲೂ 2025ರ ಸೆಪ್ಟೆಂಬರ್ 22ರವರೆಗೆ ನೂರಕ್ಕೆ 18, ಅಂದಿನಿಂದ ನೂರಕ್ಕೆ 5. ವೇತನದ 800 ರೂಪಾಯಿಯಲ್ಲಿ ಸಾಬೂನು ಕೊಂಡ ವಿಧವೆ ತಾನೂ ತೆರಿಗೆದಾರಳೇ. ಯಾರ ಹೆಸರಿನಲ್ಲಿ ರಸೀದಿ ಹರಿಯುವುದೋ ಅವರ ಮೇಲೆಯೇ ಭಾರ ಬೀಳುವುದಿಲ್ಲವೆಂಬುದು ಅರ್ಥಶಾಸ್ತ್ರದ ಹಳೆಯ ಪಾಠ.

ಒಳ್ಳೆಯ ಉದ್ದೇಶವೂ ಲೆಕ್ಕ ತಪ್ಪಬಹುದೆಂಬುದಕ್ಕೆ ಒಂದು ನಿದರ್ಶನವನ್ನು, ಹೆಣ್ಣುಮಕ್ಕಳ ಪಾಠಶಾಲೆಯಾದುದರಿಂದ, ಸಂಕೋಚವಿಲ್ಲದೆ ಹೇಳುತ್ತೇವೆ. 2017ರ ಜುಲೈ 1ರಂದು ಹೊಸ ತೆರಿಗೆ ಬಂದಾಗ ಹುಡುಗಿಯರು ತಿಂಗಳ ದಿನಗಳಲ್ಲಿ ಬಳಸುವ ಸ್ಯಾನಿಟರಿ ಪ್ಯಾಡುಗಳ ಮೇಲೆ ನೂರಕ್ಕೆ 12 ಹಾಕಿದರು. ದೇಶದಲ್ಲೆಲ್ಲ ಆಕ್ಷೇಪಣೆಯೆದ್ದು, 2018ರ ಜುಲೈ ತಿಂಗಳಲ್ಲಿ ಅದನ್ನು ತೆಗೆದುಹಾಕಿದರು. ನಾವೂ ಸಂತೋಷಪಟ್ಟೆವು. ಆದರೆ ಬೆಲೆ ನೂರಕ್ಕೆ 12ರಷ್ಟು ಇಳಿಯಲೇಬೇಕೆಂದು ತಿಳಿಯಬಾರದು. ತಯಾರಿಸುವವನು ಹತ್ತಿ, ಕಾಗದ, ಅಂಟು ಇವುಗಳನ್ನು ಕೊಳ್ಳುವಾಗ ತೆರಿಗೆ ಕೊಟ್ಟಿರುತ್ತಾನೆ. ತಾನು ಮಾರುವ ವಸ್ತುವಿಗೆ ತೆರಿಗೆಯಿದ್ದಾಗ ಆ ಹಿಂದಿನ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳಬಹುದಾಗಿತ್ತು. ಮಾರುವ ವಸ್ತುವಿಗೆ ವಿನಾಯಿತಿ ದೊರೆತೊಡನೆ ಆ ವಜಾ ನಿಂತುಹೋಯಿತು. ಹಿಂದಿನ ತೆರಿಗೆ ಬೆಲೆಯೊಳಗೇ ಉಳಿಯಿತು. ಹೊರದೇಶದಿಂದ ಸಿದ್ಧವಾಗಿ ಬರುವ ಸರಕಿಗಾದರೋ ಈ ತೊಂದರೆಯಿಲ್ಲ. ವಿನಾಯಿತಿಯೆಂಬ ಮಾತು ಬೇರೆ, ಹಿಂದಿನದನ್ನೂ ಮರಳಿ ಕೊಡುವ ಶೂನ್ಯ ದರವೆಂಬುದು ಬೇರೆ. ಕಿವಿಗೆ ಎರಡೂ ಒಂದೇ ಆಗಿ ಕೇಳುತ್ತವೆ.

ಪಂಡಿತರು ಹೇಳಿದುದನ್ನೆಲ್ಲ ಸರ್ಕಾರ ಕೇಳುವುದೆಂದು ತಿಳಿಯುವುದೂ ಸರಿಯಲ್ಲ. 2017ರ ಡಿಸೆಂಬರ್ ತಿಂಗಳಲ್ಲಿ 60 ಮಂದಿ ಅರ್ಥಶಾಸ್ತ್ರಜ್ಞರು ಕೇಂದ್ರದ ಹಣಕಾಸಿನ ಮಂತ್ರಿಗಳಿಗೆ ಬಹಿರಂಗ ಪತ್ರವೊಂದನ್ನು ಬರೆದು, 2006ರಿಂದ 200ರಲ್ಲಿಯೇ ನಿಂತ ವೃದ್ಧಾಪ್ಯ ವೇತನವನ್ನೂ 300ರ ವಿಧವಾ ವೇತನವನ್ನೂ 500ಕ್ಕೆ ಏರಿಸಬೇಕೆಂದು ಕೇಳಿದರು. ಮರುವರ್ಷ ಮತ್ತೆ ಬರೆದರು. ಆಮೇಲೆಯೂ ಬರೆದರು. ಕೇಂದ್ರದ ಪಾಲು ಏರಲಿಲ್ಲ. ಇಂಥ ವೇತನವು ಪೋಲಾಗದೆ ಬಡವರಿಗೇ ತಲಪುವುದೆಂಬುದಕ್ಕೆ ಅವರಲ್ಲಿ ಸಾಕ್ಷ್ಯವಿತ್ತು. ಇಲ್ಲದ್ದು ಒತ್ತಾಯಪಡಿಸುವ ಬಲ. ಆ ಬಲ ಮತದಾರರದು.

ಎಣಿಕೆಯ ಕಾಲವು ಈಗ ಮತ್ತೆ ಬಂದಿದೆ. 2011ರ ಬಳಿಕ ತಡೆದಿದ್ದ ಜನಗಣತಿಗೆ 2027ರ ಮಾರ್ಚ್ 1 ಆಧಾರದಿನವೆಂದು 2025ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಗಣತಿದಾರರಾಗಿ ಬರುವವರಲ್ಲಿ ಬಹುಮಂದಿ ಉಪಾಧ್ಯಾಯ ಉಪಾಧ್ಯಾಯಿನಿಯರೇ; ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರಲ್ಲಿರುವರು. ಆದುದರಿಂದ ಎರಡು ಸಂಗತಿಗಳನ್ನು ಅವರಿಗಾಗಿಯೇ ಬರೆಯುತ್ತೇವೆ.

ಹಳ್ಳಿಯ ಮನೆಯಲ್ಲಿ "ನಿಮಗೆ ಕೆಲಸವುಂಟೋ?" ಎಂದು ಹೆಂಗಸನ್ನು ಕೇಳಿದರೆ "ಏನೂ ಇಲ್ಲವ್ವ, ಮನೇಲೇ ಇದೀನಿ" ಎಂಬ ಉತ್ತರ ಬರುವುದು, ಅನೇಕ ವೇಳೆ ಆ ಉತ್ತರವನ್ನೂ ಗಂಡಸರೇ ಕೊಡುವರು. 2019ರ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷಗಳನ್ನೂ ಕಳೆಯುವರು. ಅಡಿಗೆ, ಕಸ, ಮುಸುರೆಗಳನ್ನು ಜನಗಣತಿಯು ಕೆಲಸವೆಂದು ಎಣಿಸಿದ್ದಿಲ್ಲ. ಆದರೆ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವುದನ್ನೂ, ಮನೆಯ ಬಳಕೆಗೆ ಮಾತ್ರ ಹಸು ಸಾಕಿ ಹಾಲು ಕರೆಯುವುದನ್ನೂ 2001 ಮತ್ತು 2011ರ ಗಣತಿಗಳು ಕೆಲಸವೆಂದೇ ಎಣಿಸಿದುವು. ಗುಬ್ಬಿಯ ಕಡೆ ತನ್ನ ಮನೆಯ ಅಡಿಕೆಯನ್ನು ಕುಳಿತು ಸುಲಿಯುವವಳೂ ಕೆಲಸದವಳೇ. ಆದಕಾರಣ ಕೆಲಸವುಂಟೋ ಎಂದು ಕೇಳಿ ಬಿಡದೆ, ಹಸುವುಂಟೋ, ಕರೆಯುವವರು ಯಾರು, ಅಡಿಕೆ ಸುಲಿಯುವವರು ಯಾರು ಎಂದು ಕೇಳಿರಿ, ಆಕೆಯನ್ನೇ ಕೇಳಿರಿ.

ಎರಡನೆಯದು ಒಲೆಯ ವಿಚಾರ. ಒಂದೇ ಅಡಿಗೆಯನ್ನುಣ್ಣುತ್ತ ಕೂಡಿ ವಾಸಿಸುವವರು ಒಂದು ಕುಟುಂಬವೆಂದು ಗಣತಿಯ ನಿಯಮ. ಒಂದೇ ಮಾಡಿನ ಕೆಳಗೆ ಮಗನ ಸಂಸಾರ ಮುಂದಿನ ಅಂಕಣದಲ್ಲಿದ್ದು, ತಾಯಿ ಹಿತ್ತಲ ಕಡೆಯ ಕೋಣೆಯಲ್ಲಿ ಬೇರೆ ಮುದ್ದೆ ತಿರುವಿಕೊಳ್ಳುತ್ತಿದ್ದರೆ ಅವು ಎರಡು ಕುಟುಂಬಗಳು. ಮಾನಕ್ಕೆ ಅಂಜಿ ಆಕೆಯೂ ಹೇಳಳು, ಮಗನೂ ಹೇಳನು. ಹಿತ್ತಲಿಗೆ ಹೋಗಿ ಒಲೆಯನ್ನು ನೋಡಿ ಬರೆದುಕೊಳ್ಳಿರಿ.